ಇಂಡಿ, ಸಿಂದಗಿಯ ಮಕ್ಕಳ ಅಂಕ ಯಾರ ಖಾತೆಗೆ?

2025ರ ಮೇ 2, ಶುಕ್ರವಾರ. ಎಸೆಸೆಲ್ಸಿ ಫಲಿತಾಂಶ ಬಂದ ದಿನ. ಜುಮಾ ಮುಗಿಸಿ ಹೊರಗೆ ಬರುವಷ್ಟರಲ್ಲಿ ಜಮಾಅತಿನ ಗ್ರೂಪುಗಳೆಲ್ಲ ಮಕ್ಕಳ ಫೋಟೊ, ಅಂಕಪಟ್ಟಿಗಳಿಂದ ತುಂಬಿ ಹೋಗಿತ್ತು. ದಕ್ಷಿಣ ಕನ್ನಡ ಶೇ 91.12 ತೆಗೆದು ರಾಜ್ಯಕ್ಕೇ ಮೊದಲು, ಉಡುಪಿ ಶೇ 89.96 ತೆಗೆದು ಎರಡನೆಯದು. ನಮ್ಮ ಹೆಣ್ಮಕ್ಕಳಂತೂ ಈಗ ಹಿಂದೆ ನೋಡುವುದೇ ಇಲ್ಲ. ಸಂತೋಷ ಪಡಬೇಕಾದ ವಿಷಯವೇ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅದೇ ಪಟ್ಟಿಗೆ ಒಂದು ಕೆಳತುದಿಯೂ ಉಂಟು. ಕಲಬುರಗಿ ಶೇ 42.43, ಕೊನೆಯ ಸ್ಥಾನ. ಅದರ ಹತ್ತಿರದಲ್ಲೇ ವಿಜಯಪುರ, ನಾವು ಇವತ್ತಿಗೂ ಬಾಯಿ ತಪ್ಪಿ ‘ಬಿಜಾಪುರ’ ಅನ್ನುವ ಜಿಲ್ಲೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ. ಈ ಹೆಸರುಗಳನ್ನು ನಾವು ಭೂಪಟ ನೋಡಿ ಕಲಿತದ್ದಲ್ಲ. ನಮ್ಮ ಮನೆಯ ಪಾಯ ತೆಗೆದವರ, ಸ್ಲ್ಯಾಬಿಗೆ ಕಾಂಕ್ರೀಟು ಹೊತ್ತವರ ಬಾಯಲ್ಲಿ ಕೇಳಿ ಗೊತ್ತು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದ ಎಷ್ಟೋ ಮಾಸ್ತರರೂ ಆ ಕಡೆಯವರೇ. ಅಲ್ಲಿಂದ ಬಂದು, ಹತ್ತಾರು ವರ್ಷ ಇಲ್ಲಿನ ಮಳೆ ತಿಂದು, ವರ್ಗಾವಣೆಗೆ ಅರ್ಜಿ ಹಾಕಿ ಕಾದವರು. ನಮ್ಮ ಜಿಲ್ಲೆಯ ಮೊದಲ ಸ್ಥಾನದಲ್ಲಿ ಅವರ ಪಾಲೂ ಉಂಟು ಅನ್ನುವುದನ್ನು ಯಾವ ಫ್ಲೆಕ್ಸಿನಲ್ಲೂ ಬರೆಯುವುದಿಲ್ಲ.

ಹಾಗಾದರೆ ಅವರದೇ ಊರಿನ ಮಕ್ಕಳು ಯಾಕೆ ಹಿಂದೆ ಬಿದ್ದರು? ‘ಆ ಕಡೆಯವರು ಕಲಿಯುವುದಿಲ್ಲ ಮಾರಾಯ್ರೆ’ ಅಂತ ಚಹಾ ಕುಡಿಯುತ್ತಾ ಹೇಳಿ ಬಿಡುವುದು ಸುಲಭ. ಅಂಕಿಗಳು ಹಾಗೆ ಹೇಳುವುದಿಲ್ಲ.

ಎರಡು ವರ್ಷ ಹಿಂದೆ ಹೋಗೋಣ. 2023ರ ಎಸೆಸೆಲ್ಸಿಯಲ್ಲಿ ರಾಜ್ಯದ ಒಟ್ಟು ಫಲಿತಾಂಶ ಶೇ 83.89. ಚಿತ್ರದುರ್ಗ ಮೊದಲ ಸ್ಥಾನ. ಉಡುಪಿ 18ನೆಯದು, ದಕ್ಷಿಣ ಕನ್ನಡ 19ನೆಯದು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಒಂದೇ ವರ್ಷದಲ್ಲಿ ಉಡುಪಿ 18ರಿಂದ 1ಕ್ಕೆ, ನಾವು 19ರಿಂದ 2ಕ್ಕೆ. ಚಿತ್ರದುರ್ಗ ಇಪ್ಪತ್ತರ ಆಚೆ ಜಾರಿತು. ಒಟ್ಟು ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಪಾಸಿನ ಅಂಕವನ್ನು ಶೇ 35ರಿಂದ 25ಕ್ಕೆ ಇಳಿಸಿ, ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! ಮರುವರ್ಷ ಆ ಕೃಪೆ ನಿಂತಿತು, ಫಲಿತಾಂಶ ಶೇ 62.34ಕ್ಕೆ ಬಂತು. 2025-26ರಿಂದ ಪಾಸಿಗೆ ಒಟ್ಟು ಶೇ 33 ಸಾಕು ಅಂತ ಸರ್ಕಾರ ಮತ್ತೆ ಗೆರೆ ಸರಿಸಿತು.

ಈಗ ಯೋಚನೆ ಮಾಡಿ. ಒಂದು ವರ್ಷದಲ್ಲಿ ನಮ್ಮ ಮಕ್ಕಳ ಬುದ್ಧಿ ಹದಿನೇಳು ಸ್ಥಾನ ಮೇಲೆ ಹೋಯಿತಾ? ಚಿತ್ರದುರ್ಗದ ಮಕ್ಕಳ ಬುದ್ಧಿ ಅಷ್ಟು ಕೆಳಗೆ ಬಿತ್ತಾ? ಮಕ್ಕಳು ಹೇಗಿದ್ದರೋ ಹಾಗೇ ಇದ್ದರು, ಬದಲಾದದ್ದು ಅಳತೆಗೋಲು. ಹಿಂದಿನ ಎಷ್ಟೋ ವರ್ಷ ಉತ್ತರದ ಮಕ್ಕಳಿಗೆ ‘ನೀವು ಕಲಿತಿದ್ದೀರಿ’ ಅಂತ ಅಂಕಪಟ್ಟಿ ಕೊಟ್ಟು ಕಳಿಸಿದ್ದು ಒಂದು ಅನ್ಯಾಯವಾದರೆ, ಒಮ್ಮೆಲೇ ಕ್ಯಾಮೆರಾ ಇಟ್ಟು ‘ನೀವು ಫೇಲ್’ ಅಂದದ್ದು ಇನ್ನೊಂದು. ಎರಡು ಸಲವೂ ಪೆಟ್ಟು ತಿಂದದ್ದು ಮಗು. ಕಲಿಸದೆ ಬಿಟ್ಟವರ ಹೆಸರು ಎರಡು ಸಲವೂ ಯಾವ ಪಟ್ಟಿಯಲ್ಲೂ ಬರಲಿಲ್ಲ. ಕ್ಯಾಮೆರಾ ಬೇಡ ಅಂತ ನಾವು ಹೇಳುವುದಿಲ್ಲ. ಕಾಪಿ ಹೊಡೆಸಿ ಪಾಸು ಮಾಡಿಸುವುದು ಮಗುವಿಗೆ ಮಾಡುವ ಉಪಕಾರ ಅಲ್ಲ. ಆದರೆ ಕ್ಯಾಮೆರಾ ಮಾರ್ಚ್ ತಿಂಗಳಿಗೆ ಮಾತ್ರ ಉಂಟು. ಜೂನಿನಿಂದ ಫೆಬ್ರವರಿವರೆಗೆ ಗಣಿತದ ಮೇಷ್ಟ್ರೇ ಇಲ್ಲದ ತರಗತಿಯನ್ನು ನೋಡುವ ಕ್ಯಾಮೆರಾ ಎಲ್ಲಿ?

ಪರೀಕ್ಷೆಯಿಂದ ಶಾಲೆಯನ್ನು ತೂಗುವ ಆಲೋಚನೆ ಹೊಸದೇನಲ್ಲ. ಬ್ರಿಟಿಷರ ಕಾಲದಲ್ಲಿ ನಮ್ಮ ಜಿಲ್ಲೆ ಮದ್ರಾಸಿಗೆ, ವಿಜಯಪುರ ಮುಂಬಯಿಗೆ ಸೇರಿತ್ತು. ಆಗ ಇನ್‌ಸ್ಪೆಕ್ಟರು ಬಂದು, ಎಷ್ಟು ಮಕ್ಕಳು ಪಾಸು ಅಂತ ಎಣಿಸಿ ಶಾಲೆಗೆ ಅನುದಾನ ಕೊಡುವ ಪದ್ಧತಿಯೇ ಇತ್ತು. ಬಾಯಿಪಾಠ ಹೆಚ್ಚಿತು, ಕಲಿಕೆ ಹೆಚ್ಚಲಿಲ್ಲ. 1904ರಲ್ಲಿ ಕರ್ಜನ್ ಸರ್ಕಾರವೇ ಅದನ್ನು ಬೇಡ ಅಂದಿತು. ವಿಜಯಪುರದ ಹಿರಿಯರು ಈಗಲೂ ‘ಮುಲ್ಕಿ ಪರೀಕ್ಷೆ’ಯ ಮಾತು ಎತ್ತುತ್ತಾರೆ. ಏಳನೆಯದು ಮುಗಿಸಿ ಮುಲ್ಕಿ ಪಾಸಾದರೆ ಮಾಸ್ತರಿಕೆ, ತಲಾಠಿ ಕೆಲಸ. ನಮ್ಮ ಕಡೆ ಎಂಟನೆಯದಕ್ಕೆ ಇ.ಎಸ್.ಎಲ್.ಸಿ. ಇತ್ತು. ನಾವು ಕಲಿಯುವಾಗ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು, ಆಮೇಲೆ ಅದೂ ಹೋಯಿತು.

ಈಗಿನ ಗೊಂದಲ ಅರ್ಥ ಆಗಬೇಕಾದರೆ ಕಾನೂನು ಸ್ವಲ್ಪ ತಿಳಿದಿರಬೇಕು. 1976ರ 42ನೇ ತಿದ್ದುಪಡಿಯ ನಂತರ ಶಿಕ್ಷಣ ಕೇಂದ್ರ ಮತ್ತು ರಾಜ್ಯ ಇಬ್ಬರ ಕೈಯಲ್ಲೂ ಉಂಟು. ಕೇಂದ್ರ 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಮಾಡಿತು, 2010ರ ಏಪ್ರಿಲ್ 1ರಿಂದ ಜಾರಿ. ಅದರ 16ನೇ ಸೆಕ್ಷನ್ ಪ್ರಕಾರ ಎಂಟನೆಯದು ಮುಗಿಯುವವರೆಗೆ ಯಾವ ಮಗುವನ್ನೂ ಫೇಲ್ ಮಾಡುವ ಹಾಗಿರಲಿಲ್ಲ. 30ನೇ ಸೆಕ್ಷನ್ ಪ್ರಕಾರ ಅಲ್ಲಿವರೆಗೆ ಬೋರ್ಡ್ ಪರೀಕ್ಷೆಯೂ ಇಲ್ಲ. ಮಗುವನ್ನು ವರ್ಷವಿಡೀ ನೋಡುತ್ತಾ ಅಳೆಯಬೇಕು ಅನ್ನುವುದು ಆಶಯ. ಅದನ್ನೇ ‘ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ’ ಅಂದರು. ಆಶಯ ಒಳ್ಳೆಯದೇ. ಆದರೆ ನಲಿ-ಕಲಿಯಿಂದ ಐದರವರೆಗೆ ಒಬ್ಬರೇ ಶಿಕ್ಷಕಿ ಇರುವ ಶಾಲೆಯಲ್ಲಿ ನಿರಂತರ ಮೌಲ್ಯಮಾಪನ ಅಂದರೆ ನಿರಂತರವಾಗಿ ಪುಸ್ತಕ ತುಂಬಿಸುವುದು ಅಂತಲೇ ಆಯಿತು. ‘ಫೇಲ್ ಮಾಡಬಾರದು’ ಅನ್ನುವುದನ್ನು ‘ಕಲಿಸದಿದ್ದರೂ ನಡೆಯುತ್ತದೆ’ ಅಂತ ಓದಿಕೊಂಡವರೂ ಇದ್ದರು.

2019ರಲ್ಲಿ ಕೇಂದ್ರ ಕಾಯ್ದೆ ತಿದ್ದಿತು. ಐದು ಮತ್ತು ಎಂಟನೇ ತರಗತಿಗೆ ನಿಯಮಿತ ಪರೀಕ್ಷೆ ಇಡಬೇಕು, ಫೇಲಾದವರಿಗೆ ಹೆಚ್ಚುವರಿ ಪಾಠ ಮಾಡಿ ಎರಡು ತಿಂಗಳೊಳಗೆ ಮತ್ತೆ ಅವಕಾಶ ಕೊಡಬೇಕು, ಆಮೇಲೂ ಆಗದಿದ್ದರೆ ಅದೇ ತರಗತಿಯಲ್ಲಿ ಉಳಿಸಬೇಕೋ ಬೇಡವೋ ಅನ್ನುವುದು ರಾಜ್ಯದ ಇಷ್ಟ. ಯಾರನ್ನೂ ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ.

ಕರ್ನಾಟಕ 2022ರ ಡಿಸೆಂಬರಿನಲ್ಲಿ ಐದು ಮತ್ತು ಎಂಟಕ್ಕೆ ರಾಜ್ಯಮಟ್ಟದ ಪರೀಕ್ಷೆ ಅಂತ ಸುತ್ತೋಲೆ ಹೊರಡಿಸಿತು. ಮಕ್ಕಳ ಕಲಿಕಾ ಮಟ್ಟ ತಿಳಿಯಲಿಕ್ಕೆ, ಫೇಲ್ ಮಾಡಲಿಕ್ಕಲ್ಲ ಅಂದರು. ಆದರೆ ಜನರ ಬಾಯಲ್ಲಿ ಅದು ‘ಬೋರ್ಡ್ ಪರೀಕ್ಷೆ’ಯೇ ಆಯಿತು. ಹತ್ತು ವರ್ಷದ ಮಗುವಿಗೆ ಟ್ಯೂಷನ್ ಹುಡುಕುವ ಉಮ್ಮಂದಿರನ್ನು ನಾವು ಆ ವರ್ಷ ನೋಡಿದ್ದೇವೆ. ಖಾಸಗಿ ಶಾಲೆಗಳ ಒಕ್ಕೂಟಗಳು ಕೋರ್ಟಿಗೆ ಹೋದವು. 2023ರ ಮಾರ್ಚ್ 10ರಂದು ಹೈಕೋರ್ಟಿನ ಏಕಸದಸ್ಯ ಪೀಠ ಸುತ್ತೋಲೆಯನ್ನೇ ರದ್ದು ಮಾಡಿತು. ಐದೇ ದಿನದಲ್ಲಿ ವಿಭಾಗೀಯ ಪೀಠ, ಪಠ್ಯದ ಹೊರಗಿನ ಪ್ರಶ್ನೆ ಕೇಳಬೇಡಿ, ಯಾರನ್ನೂ ಫೇಲ್ ಮಾಡಬೇಡಿ ಎಂಬ ಷರತ್ತು ಹಾಕಿ ಪರೀಕ್ಷೆಗೆ ಬಿಟ್ಟಿತು.

2024ರಲ್ಲಿ ನಡೆದದ್ದು ಇನ್ನೂ ವಿಚಿತ್ರ. ಈ ಸಲ ಐದು, ಎಂಟಕ್ಕೆ ಒಂಬತ್ತು, ಹನ್ನೊಂದೂ ಸೇರಿತು. ಮಾರ್ಚ್ 6ರಂದು ರದ್ದು, 7ರಂದು ಆ ರದ್ದತಿಗೇ ತಡೆ, 11ರಂದು ಪರೀಕ್ಷೆ ಶುರು, 12ರಂದು ಸುಪ್ರೀಂ ಕೋರ್ಟಿನಿಂದ ತಡೆ. ಅದು ರಂಝಾನಿನ ಮೊದಲ ಉಪವಾಸದ ದಿನವೂ ಹೌದು. ಒಂದೆರಡು ಪೇಪರ್ ಬರೆದ ಮಕ್ಕಳು ಉಳಿದದ್ದು ಯಾವಾಗ ಅಂತ ಕೇಳುತ್ತಾ ಕೂತರು. ಮಾರ್ಚ್ 22ರಂದು ಹೈಕೋರ್ಟ್ ಮತ್ತೆ ಬಿಟ್ಟಿತು, 25ರಿಂದ ಉಳಿದ ಪೇಪರ್ ನಡೆಯಿತು. ಏಪ್ರಿಲ್ 8ರಂದು, ಪೆರ್ನಾಳಿಗೆ ಎರಡು ದಿನ ಇರುವಾಗ, ಫಲಿತಾಂಶ ಪ್ರಕಟಿಸಬೇಡಿ ಅಂತ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಮಕ್ಕಳನ್ನು ಸತಾಯಿಸಬೇಡಿ ಅನ್ನುವ ಅರ್ಥದ ಮಾತು ನ್ಯಾಯಪೀಠದಿಂದಲೇ ಬಂತು.

ಈ ಜಗ್ಗಾಟದಲ್ಲಿ ನಮಗೆ ಕಾಣುವ ಮುಖ್ಯ ಕೊರತೆ ಒಂದೇ. ‘ಪರೀಕ್ಷೆ ಬೇಕಾ, ಬೇಡವಾ’ ಅಂತ ಎಲ್ಲರೂ ವಾದ ಮಾಡಿದರು. ಅಂಕ ಬಂದ ಮೇಲೆ ಯಾರು ಏನು ಮಾಡಬೇಕು ಅನ್ನುವುದು ಚರ್ಚೆಗೇ ಬರಲಿಲ್ಲ. ಸಿಂದಗಿಯ ಒಂದು ಶಾಲೆಯ ಐದನೇ ತರಗತಿಯಲ್ಲಿ ಮೂವತ್ತು ಮಕ್ಕಳಲ್ಲಿ ಇಪ್ಪತ್ತು ಮಕ್ಕಳಿಗೆ ಭಾಗಾಕಾರ ಬರುವುದಿಲ್ಲ ಅಂತ ಗೊತ್ತಾಯಿತು ಅಂತಿಟ್ಟುಕೊಳ್ಳಿ. ಮರುದಿನ ಆ ಶಾಲೆಗೆ ಎಂತ ಬರುತ್ತದೆ? ಮೇಷ್ಟ್ರು ಬರುತ್ತಾರಾ, ನೋಟಿಸ್ ಬರುತ್ತದಾ? ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ನೋಟಿಸ್ ಬರುತ್ತದೆ.

ಮದರಸದಲ್ಲಿ ಕಲಿಸುವವರಿಗೆ ಐದನೇ ತರಗತಿಯ ಪಬ್ಲಿಕ್ ಪರೀಕ್ಷೆ ಹೊಸದಲ್ಲ. ಸಮಸ್ತ ಕೇರಳ ಇಸ್ಲಾಂ ಮತ ವಿದ್ಯಾಭ್ಯಾಸ ಬೋರ್ಡ್ 5, 7, 10, 12ನೇ ತರಗತಿಗೆ ಪಬ್ಲಿಕ್ ಪರೀಕ್ಷೆ ನಡೆಸುತ್ತಾ ಬಂದಿದೆ, ನಮ್ಮ ಕರಾವಳಿಯ ಮಕ್ಕಳು ಅದನ್ನು ಬರೆದೇ ಬೆಳೆದವರು. ಆದರೆ ಅಲ್ಲಿ ಪರೀಕ್ಷೆ ಒಂದೇ ಇಲ್ಲ. ಮುಫತ್ತಿಶ್ ಬರುತ್ತಾರೆ. ಬಂದವರು ಮಗುವಿನ ಓದು ಕೇಳುತ್ತಾರೆ, ಆಮೇಲೆ ಉಸ್ತಾದರ ದಾಖಲೆ ಪುಸ್ತಕ ತೆರೆಯುತ್ತಾರೆ, ಕಮಿಟಿಯವರನ್ನು ಕರೆದು ‘ಈ ತರಗತಿಗೆ ಬೆಂಚು ಯಾಕಿಲ್ಲ’ ಅಂತಲೂ ಕೇಳುತ್ತಾರೆ. ಮಗು, ಉಸ್ತಾದ್, ಕಮಿಟಿ ಮೂವರೂ ಉತ್ತರ ಕೊಡಬೇಕು. ಎಲ್ಲಾ ಮದರಸಗಳಲ್ಲೂ ಇದು ಚೆಂದವಾಗಿ ನಡೆಯುತ್ತದೆ ಅಂತ ನಾವು ಹೇಳುವುದಿಲ್ಲ. ಕ್ರಮ ಹಾಗೆ ಉಂಟು, ಅಷ್ಟು ಹೇಳಬಹುದು. (2012ರ ತಿದ್ದುಪಡಿಯಿಂದ ಮದರಸ, ವೇದ ಪಾಠಶಾಲೆಗಳು ಶಿಕ್ಷಣ ಹಕ್ಕು ಕಾಯ್ದೆಯ ಹೊರಗೆ ಉಂಟು. ಆದರೆ ಮದರಸಕ್ಕೆ ಬರುವ ನಮ್ಮ ಮಗು ಹತ್ತು ಗಂಟೆಗೆ ಹೋಗುವ ಶಾಲೆ ಕಾಯ್ದೆಯ ಒಳಗೆ ಉಂಟು. ಇದು ಕೆಲವರಿಗೆ ಗೊತ್ತಿರುವುದಿಲ್ಲ.)

ಇನ್ನು ನಮ್ಮ ಅಂಗಳಕ್ಕೇ ಬಂದ ವಿಷಯ. ಮದರಸಕ್ಕೆ ಒಂದೆರಡು ವರ್ಷದಿಂದ ಸಿಂದಗಿ ಕಡೆಯ ಕುಟುಂಬದ ಹುಡುಗನೊಬ್ಬ ಬರುತ್ತಾನೆ. ಮನೆಯಲ್ಲಿ ದಖನಿ ಉರ್ದು, ಆಟಕ್ಕೆ ಕನ್ನಡ, ನಮ್ಮ ಮಕ್ಕಳ ಜೊತೆ ಸೇರಿ ಈಗ ಬ್ಯಾರಿಯೂ ಬರುತ್ತದೆ. ಬುದ್ಧಿವಂತ. ಯಾವ ಶಾಲೆ ಅಂತ ಕೇಳಿದರೆ ಮಾತ್ರ ನೆಲ ನೋಡುತ್ತಾನೆ. ಅವನ ತಾಯಿ ಹೇಳಿದ್ದು ನಮ್ಮ ಮನಸ್ಸಿನಲ್ಲಿ ಉಳಿಯಿತು: ‘ಊರಾಗ ಹೆಸರೈತ್ರಿ ಹಜರತ್, ಅಲ್ಲಿ ಹಾಜ್ರಿ ಇಲ್ಲ. ಇಲ್ಲಿ ಹೋಗಿ ಕುಂಡ್ರತಾನ, ಇಲ್ಲಿ ಹೆಸರಿಲ್ಲ.’

ಮುಂಗಾರಿಗೆ ಅವರು ಊರಿಗೆ ಹೋಗುತ್ತಾರೆ. ನಮ್ಮಲ್ಲಿ ಮಳೆಗೆ ಕಟ್ಟಡ ಕೆಲಸ ನಿಲ್ಲುತ್ತದೆ, ಅಲ್ಲಿ ಬಿತ್ತನೆ ಶುರುವಾಗುತ್ತದೆ. ಹುಡುಗ ಜೂನಿನಲ್ಲಿ ಊರ ಶಾಲೆಗೆ ಹೋಗುತ್ತಾನೆ, ದಸರಾ ಕಳೆದ ಮೇಲೆ ಇಲ್ಲಿಗೆ. ಇಂಡಿಯಲ್ಲಿ ನಿಂಬೆ ತೋಟ ಇದ್ದವರು, ಆಲಮಟ್ಟಿ ಕಾಲುವೆಯ ನೀರು ಸಿಕ್ಕಿದವರು ಊರಲ್ಲೇ ನಿಂತಾರು. ಒಣಭೂಮಿಯವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೋ, ಗೋವಾಕ್ಕೋ, ನಮ್ಮಲ್ಲಿಗೋ ಹೊರಡುತ್ತಾರೆ. ಮಾರ್ಚಿನಲ್ಲಿ ಪರೀಕ್ಷೆ ಬರುವಾಗ ಆ ಮಗು ಎಲ್ಲಿ? ಸರ್ಕಾರದ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಒಂದು ಮಗುವಿಗೆ ಒಂದು ನಂಬರ್. ಆ ನಂಬರ್ ಸಿಂದಗಿಯಲ್ಲಿ ಕೂತಿರುತ್ತದೆ, ಮಗು ನಮ್ಮ ಪಕ್ಕದ ಶೆಡ್ಡಿನಲ್ಲಿ. ಅವನು ಪರೀಕ್ಷೆಗೆ ಹೋಗದಿದ್ದರೆ ಅದು ಸಿಂದಗಿಯ ಲೆಕ್ಕ. ನಮ್ಮ ಜಿಲ್ಲೆಯ ಶೇ 91ಕ್ಕೆ ಒಂದು ಚೂರೂ ಪೆಟ್ಟಿಲ್ಲ. ಅವನ ಅಪ್ಪ ಕಟ್ಟಿದ ಮನೆ ಮಾತ್ರ ನಮ್ಮ ಲೆಕ್ಕದಲ್ಲಿ ಉಂಟು.

ಅಮೆರಿಕದಲ್ಲಿ ಈ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿತರು. ಅಲ್ಲಿಯೂ ನಮ್ಮ ಹಾಗೆ ರಾಜ್ಯಗಳು ಶಾಲೆ ನಡೆಸುತ್ತವೆ, ಕೇಂದ್ರ ಕಾನೂನು ಮಾಡಿ ಹಣ ಕೊಡುತ್ತದೆ. 2002ರಲ್ಲಿ ಬುಷ್ ಸಹಿ ಹಾಕಿದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆ ಮೂರರಿಂದ ಎಂಟನೇ ತರಗತಿವರೆಗೆ ಪ್ರತಿ ವರ್ಷ ಪರೀಕ್ಷೆ ಕಡ್ಡಾಯ ಮಾಡಿತು. 2014ಕ್ಕೆ ಎಲ್ಲಾ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕು, ಇಲ್ಲದಿದ್ದರೆ ಶಾಲೆಗೆ ಶಿಕ್ಷೆ ಅಂತ ಹೆದರಿಸಿತು. ಹೆದರಿಕೆಗೆ ಏನಾಗಬೇಕೋ ಅದೇ ಆಯಿತು. ಅಟ್ಲಾಂಟಾ ನಗರದಲ್ಲಿ ಮಕ್ಕಳ ತಪ್ಪು ಉತ್ತರಗಳನ್ನು ಅಧ್ಯಾಪಕರೇ ಉಜ್ಜಿ ಸರಿ ಮಾಡಿದರು. 2011ರ ತನಿಖಾ ವರದಿ 44 ಶಾಲೆಗಳ 178 ಮಂದಿಯನ್ನು ಹೆಸರಿಸಿತು, 2015ರಲ್ಲಿ 11 ಮಂದಿಗೆ ಕೋರ್ಟಿನಲ್ಲಿ ಅಪರಾಧ ಸಾಬೀತಾಯಿತು. ಫಲಿತಾಂಶಕ್ಕೆ ಮಾತ್ರ ಹೊಡೆದರೆ ಫಲಿತಾಂಶವನ್ನೇ ತಿದ್ದುತ್ತಾರೆ. ಅಟ್ಲಾಂಟಾವೇ ಆಗಬೇಕಾಗಿಲ್ಲ, ನಮ್ಮಲ್ಲಿ ಕ್ಯಾಮೆರಾ ಬರುವ ಮೊದಲಿನ ಪಟ್ಟಿ ನೋಡಿದರೂ ಸಾಕು.

2015ರಲ್ಲಿ ಅವರು ಕಾಯ್ದೆ ಬದಲಾಯಿಸಿದರು. ಪರೀಕ್ಷೆ ಉಳಿಯಿತು. ಆದರೆ ಶಾಲೆಯನ್ನು ಹೇಗೆ ಅಳೆಯಬೇಕು, ಹಿಂದೆ ಬಿದ್ದದ್ದಕ್ಕೆ ಏನು ಮಾಡಬೇಕು ಅನ್ನುವ ಯೋಜನೆಯನ್ನು ಆಯಾ ರಾಜ್ಯವೇ ತಯಾರಿಸಿ ಕೇಂದ್ರಕ್ಕೆ ಕೊಡಬೇಕು. ತೀರಾ ಕೆಳಗಿನ ಶೇ 5 ಶಾಲೆಗಳನ್ನು ಗುರುತಿಸಿ ಅಲ್ಲಿಗೆ ಸಹಾಯ ಕಳಿಸಬೇಕು. ನಮಗೆ ಅದರಲ್ಲಿ ಬಹಳ ಹಿಡಿಸಿದ್ದು ಇನ್ನೊಂದು ಅಂಶ: ಫಲಿತಾಂಶವನ್ನು ಬರೀ ಸರಾಸರಿಯಾಗಿ ಕೊಡುವ ಹಾಗಿಲ್ಲ. ಬಡ ಮಕ್ಕಳು, ಬೇರೆ ಬೇರೆ ಜನಾಂಗದ ಮಕ್ಕಳು, ಇಂಗ್ಲಿಷ್ ಮನೆಭಾಷೆ ಅಲ್ಲದ ಮಕ್ಕಳು, ಅಂಗವಿಕಲ ಮಕ್ಕಳು ಹೀಗೆ ಒಡೆದು ತೋರಿಸಬೇಕು. ವಲಸೆ ಹೋಗುವ ಕೂಲಿಗಳ ಮಕ್ಕಳಿಗೂ ಆ ವರದಿಯಲ್ಲಿ ಪ್ರತ್ಯೇಕ ಸಾಲು ಉಂಟು. ಸರಾಸರಿಯ ಹಿಂದೆ ಯಾರನ್ನೂ ಅಡಗಿಸಲು ಬರುವುದಿಲ್ಲ.

ನಮ್ಮಲ್ಲಿ 2021ರ ನವೆಂಬರಿನ ರಾಷ್ಟ್ರೀಯ ಸಾಧನಾ ಸಮೀಕ್ಷೆ, 2024ರ ಡಿಸೆಂಬರಿನ ‘ಪರಖ್’ ಸಮೀಕ್ಷೆ ಜಿಲ್ಲೆಯ ಮಟ್ಟ ಹೇಳುತ್ತವೆ. ಗಂಡು-ಹೆಣ್ಣು, ಹಳ್ಳಿ-ಪೇಟೆ ಅಂತಲೂ ಹೇಳುತ್ತವೆ. ಎಸೆಸೆಲ್ಸಿಯಲ್ಲಿ ಮಾಧ್ಯಮವಾರು ಲೆಕ್ಕವನ್ನು ಮಂಡಳಿಯೇ ಕೊಡುತ್ತದೆ. ಆದರೆ ಊರಿಂದ ಊರಿಗೆ ಗುಳೆ ಹೋಗುವ ಮಗುವಿಗೆ ಎಲ್ಲೂ ಸಾಲಿಲ್ಲ. ಉರ್ದು ಶಾಲೆ ಅಂದರೆ ಹಿಂದುಳಿದದ್ದು ಅಂತ ತಿಳಿಯುವವರಿಗೆ ಒಂದು ಮಾತು: 2025ರಲ್ಲಿ 625ಕ್ಕೆ 625 ತೆಗೆದ 22 ಮಕ್ಕಳಲ್ಲಿ ಒಬ್ಬಳು ಶಿರಸಿಯ ಸರ್ಕಾರಿ ಉರ್ದು ಪ್ರೌಢಶಾಲೆಯವಳು.

ಕಾಯ್ದೆ ಮಗುವನ್ನು ಮಾತ್ರ ಪರೀಕ್ಷೆಗೆ ಕೂರಿಸಿಲ್ಲ, ಸರ್ಕಾರವನ್ನೂ ಕೂರಿಸಿದೆ. 25ನೇ ಸೆಕ್ಷನ್: ಐದನೆಯದರವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕ, ಆರರಿಂದ ಎಂಟಕ್ಕೆ 35ಕ್ಕೆ ಒಬ್ಬ. 26ನೆಯದು: ಒಂದು ಶಾಲೆಯಲ್ಲಿ ಮಂಜೂರಾದ ಹುದ್ದೆಯಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರಬಾರದು. 27ನೆಯದು: ಜನಗಣತಿ, ಚುನಾವಣೆ, ವಿಪತ್ತು ಬಿಟ್ಟರೆ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು. ಪ್ರತಿ ಮೇ ತಿಂಗಳು ಶಾಲಾವಾರು ಫಲಿತಾಂಶ ಬರುವಾಗ ಅದೇ ಹಾಳೆಯ ಇನ್ನೊಂದು ಕಾಲಂನಲ್ಲಿ ‘ಈ ಶಾಲೆಯಲ್ಲಿ ಎಷ್ಟು ಹುದ್ದೆ, ಎಷ್ಟು ಖಾಲಿ, ಗಣಿತಕ್ಕೆ ಶಿಕ್ಷಕರು ಎಷ್ಟು ತಿಂಗಳು ಇದ್ದರು’ ಅಂತಲೂ ಅಚ್ಚಾದರೆ ಎಂಥ ಪಟ್ಟಿ ಆಗುತ್ತದೆ ನೋಡಿ. ಮುದ್ದೇಬಿಹಾಳದ ಹೆಡ್ ಮಾಸ್ತರರಿಗೆ ನೋಟಿಸ್ ಕೊಡುವ ಮೊದಲು ಆ ಕಾಲಂ ಓದಬೇಕಾಗುತ್ತದೆ. ಶಿಕ್ಷಕರಿದ್ದೂ ಕಲಿಸದ ಶಾಲೆ ಯಾವುದು, ಶಿಕ್ಷಕರೇ ಇಲ್ಲದೆ ಸೋತ ಶಾಲೆ ಯಾವುದು ಅಂತ ಆಗ ಬೇರೆ ಬೇರೆ ಕಾಣುತ್ತದೆ. ಈಗ ಎರಡೂ ಒಂದೇ ಶೇಕಡದಲ್ಲಿ ಮುಚ್ಚಿ ಹೋಗಿದೆ.

ಇದನ್ನು ಕೇಳುವ ಜಾಗ ಬೆಂಗಳೂರೇ ಆಗಬೇಕೆಂದಿಲ್ಲ. ಕಾಯ್ದೆಯ 21ನೇ ಸೆಕ್ಷನ್ ಹೇಳುವ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು. ನಮ್ಮ ರಾಜ್ಯದಲ್ಲಿ ಅದನ್ನು ಎಸ್‌ಡಿಎಂಸಿ ಅನ್ನುತ್ತೇವೆ. ನಮ್ಮವರು ಮಸೀದಿ ಕಮಿಟಿಯ ಚುನಾವಣೆಗೆ ಎಷ್ಟು ಓಡಾಡುತ್ತಾರೋ ಅದರ ಕಾಲು ಭಾಗ ಎಸ್‌ಡಿಎಂಸಿ ಸಭೆಗೆ ಓಡಾಡಿದರೂ ಸಾಕಿತ್ತು. ಉಮ್ಮಂದಿರು ಹೋದರೆ ಇನ್ನೂ ಒಳ್ಳೆಯದು, ಅವರು ಕೇಳಿದ ಪ್ರಶ್ನೆಯನ್ನು ಹೆಡ್ ಮಾಸ್ತರರು ಬದಿಗಿಡುವುದು ಕಷ್ಟ.

ಆ ಸಿಂದಗಿಯ ಹುಡುಗನಂಥವರು ನಿಮ್ಮ ಬಾಡಿಗೆ ಮನೆಯಲ್ಲೋ, ನಿಮ್ಮ ಕೆಲಸದ ಸೈಟಿನಲ್ಲೋ ಇದ್ದರೆ ಇಷ್ಟು ತಿಳಿದಿರಲಿ. ವರ್ಗಾವಣೆ ಪತ್ರ ಬರಲು ತಡವಾಯಿತು ಅಂತ ಶಾಲೆ ಮಗುವನ್ನು ಹೊರಗೆ ನಿಲ್ಲಿಸುವ ಹಾಗಿಲ್ಲ, ಅದು 5ನೇ ಸೆಕ್ಷನ್. ಜನನ ಪ್ರಮಾಣಪತ್ರ ಇಲ್ಲ ಅಂತಲೂ ಇಲ್ಲ ಅನ್ನುವ ಹಾಗಿಲ್ಲ, ಅದು 14. ದಾಖಲಾತಿಯ ಅವಧಿ ಮುಗಿದಿದೆ ಅಂತ ಹೇಳುವ ಹಾಗಿಲ್ಲ, ಅದು 15. ವಲಸೆ ಬಂದವರ ಮಕ್ಕಳನ್ನು ಸೇರಿಸಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ, ಅದು 9. ಊರ ಶಾಲೆಯ ಹೆಸರು, ಮಗುವಿನ ಎಸ್‌ಎಟಿಎಸ್ ನಂಬರ್ ಒಂದು ಚೀಟಿಯಲ್ಲಿ ಬರೆಸಿಕೊಂಡು ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ. ನಂಬರ್ ಗೊತ್ತಿಲ್ಲದಿದ್ದರೆ ಊರ ಮಾಸ್ತರರಿಗೆ ಫೋನ್ ಮಾಡಿ ಕೇಳಬಹುದು. ಅಲ್ಲಿಯೂ ಆಗದಿದ್ದರೆ ಬಿಇಒ ಕಚೇರಿಗೆ ಲಿಖಿತವಾಗಿ ಕೊಟ್ಟು ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ದಸರಾ ರಜೆ ಮುಗಿಯುವ ಹೊತ್ತಿಗೆ ಅವರು ಬಸ್ ಇಳಿಯುತ್ತಾರೆ. ಆ ವಾರವೇ ಒಮ್ಮೆ ಶೆಡ್ಡಿನ ಬಳಿ ಹೋಗಿ ಮಕ್ಕಳನ್ನು ಎಣಿಸಿ ಬನ್ನಿ.